ಆಸ್ಪತ್ರೆಯ ದಾರಿ ಬಿಟ್ಟು ಮಂಗಳೂರನ್ನು ನಿಧಾನವಾಗಿ ನೋಡಿದ ನಾಲ್ಕು ದಿನ

ನಿವೃತ್ತ ಕನ್ನಡ ಅಧ್ಯಾಪಕಿ, ಚಿಕ್ಕಮಗಳೂರು

ಘಟ್ಟದ ಮೇಲಿನ ನಮಗೆ ಮಂಗಳೂರು ಅಪರಿಚಿತ ಊರಲ್ಲ. ಮೂಡಿಗೆರೆ, ಕೊಪ್ಪ, ಬಾಳೆಹೊನ್ನೂರು, ಯಾವ ಕಡೆ ವಿಚಾರಿಸಿದರೂ ನಡುರಾತ್ರಿಯಲ್ಲಿ ಆಂಬುಲೆನ್ಸ್ ಹತ್ತಿ ಚಾರ್ಮಾಡಿ ಇಳಿದವರು, ಆಸ್ಪತ್ರೆಯ ಹಜಾರದಲ್ಲಿ ಚಾಪೆ ಹಾಸಿಕೊಂಡು ಬೆಳಗಾಗುವುದನ್ನು ಕಾದವರು ಮನೆಗೊಬ್ಬರಾದರೂ ಸಿಗುತ್ತಾರೆ. ನಾನೂ ಅತ್ತೆಯವರ ಚಿಕಿತ್ಸೆಗಾಗಿ ಎರಡು ವರ್ಷ, ಆಮೇಲೆ ಮಗಳ ಕಾಲೇಜಿನ ಕೆಲಸಕ್ಕಾಗಿ ಹಲವು ಬಾರಿ ಹೋಗಿ ಬಂದೆ. ಅಷ್ಟು ಸಲ ಹೋದರೂ ಔಷಧಿ ಅಂಗಡಿ, ಬಸ್ ನಿಲ್ದಾಣ ಮತ್ತು ಅವೆರಡರ ನಡುವಿನ ರಸ್ತೆಯನ್ನು ಬಿಟ್ಟು ನಾನು ಬೇರೇನನ್ನೂ ಕಂಡಿರಲಿಲ್ಲ. ಅತ್ತೆಯವರು ಅಲ್ಲಿಯೇ ತೀರಿಕೊಂಡ ಮೇಲಂತೂ ಆ ಊರಿನ ಹೆಸರು ಕೇಳಿದರೆ ಮನಸ್ಸು ಮುದುಡುತ್ತಿತ್ತು.

ಈ ಜನವರಿಯಲ್ಲಿ ತಂಗಿ ಹಟ ಹಿಡಿದು ನನ್ನನ್ನು ಕರೆದುಕೊಂಡು ಹೋದಳು. ಯಾರನ್ನೂ ನೋಡಲು ಹೋಗಬೇಕಾಗಿರಲಿಲ್ಲ, ಯಾವ ಚೀಟಿಯನ್ನೂ ಹಿಡಿದು ಸಾಲಿನಲ್ಲಿ ನಿಲ್ಲಬೇಕಾಗಿರಲಿಲ್ಲ. ಹಂಪನಕಟ್ಟೆಯ ಹತ್ತಿರ ಒಂದು ಕೋಣೆ ಹಿಡಿದು, ದಿನಕ್ಕೆ ಒಂದು ದಿಕ್ಕು ಎಂದು ಗೊತ್ತು ಮಾಡಿಕೊಂಡು, ಬೆಳಿಗ್ಗೆ ಬೇಗ ಹೊರಟು, ಸೆಕೆ ಏರುವ ಹೊತ್ತಿಗೆ ಮರಳಿ ಮಲಗಿ, ಸಂಜೆ ಮತ್ತೆ ನಡೆದೆವು. ಅಲ್ಲಿ ಕಂಡದ್ದನ್ನು ಇಲ್ಲಿ ಬರೆಯುತ್ತಿರುವುದಕ್ಕೆ ಕಾರಣವಿದೆ. ನಮ್ಮ ಮನೆಯ ಮಾಡಿನ ಹೆಂಚು, ನಮ್ಮ ಕಾಫಿಯ ವ್ಯಾಪಾರ, ನಾನು ಮೂವತ್ತು ವರ್ಷ ಪಾಠ ಮಾಡಿದ ಕನ್ನಡದ ಅಚ್ಚು, ಎಲ್ಲಕ್ಕೂ ಆ ಊರಿನೊಂದಿಗೆ ನಂಟಿದೆ ಎಂಬುದು ನನಗೆ ಇಷ್ಟು ವಯಸ್ಸಾದ ಮೇಲೆ ಕಾಲ್ನಡಿಗೆಯಲ್ಲಿ ತಿಳಿಯಿತು.

ಮೊದಲ ದಿನ ಬಂದರಿಗೆ ಹೋದೆವು. ಪಣಂಬೂರಿನ ಹೊಸ ಬಂದರಲ್ಲ, ಪೇಟೆಗೆ ಅಂಟಿಕೊಂಡಿರುವ ಹಳೆಯ ಬಂದರು. ಸ್ಥಳೀಯರು ಮೀನಿನ ದೋಣಿಗಳು ನಿಲ್ಲುವ ಕಟ್ಟೆಯನ್ನು ಧಕ್ಕೆ ಎನ್ನುತ್ತಾರೆ. ಸೂರ್ಯ ಹುಟ್ಟುವ ಮೊದಲೇ ಅಲ್ಲಿ ಹರಾಜು ಶುರುವಾಗಿತ್ತು. ಬಂಗುಡೆ, ಬೂತಾಯಿ, ಅಂಜಲ್ ರಾಶಿ ಬಿದ್ದಿದ್ದವು. ಬುಟ್ಟಿ ಹಿಡಿದು ನಿಂತ ಮೊಗವೀರ ಹೆಂಗಸರು ತಮ್ಮೊಳಗೆ ತುಳುವಿನಲ್ಲಿ ಮಾತಾಡುತ್ತಿದ್ದರು. ಮಂಜುಗಡ್ಡೆಯ ಗಾಡಿಯ ಯಜಮಾನರು ಬ್ಯಾರಿ ಭಾಷೆಯಲ್ಲಿ ಲೆಕ್ಕ ಹೇಳುತ್ತಿದ್ದರು. ನಮ್ಮನ್ನು ಕಂಡ ಕೂಡಲೇ ಇಬ್ಬರೂ ಅಚ್ಚ ಕನ್ನಡಕ್ಕೆ ತಿರುಗಿ, "ಘಟ್ಟದವರಾ? ಎಂತ ಬೇಕು?" ಎಂದು ಕೇಳಿದರು. ಸ್ವಲ್ಪ ಆಚೆ ಲಕ್ಷದ್ವೀಪಕ್ಕೆ ಅಕ್ಕಿ, ತರಕಾರಿ, ಸಿಮೆಂಟು ಹೊತ್ತೊಯ್ಯುವ ಮಂಜಿ ಎಂಬ ದೋಣಿಗಳು ಸರಕು ತುಂಬಿಸಿಕೊಳ್ಳುತ್ತಿದ್ದವು. ಕಡಲು ದಾಟಿ ದ್ವೀಪಕ್ಕೆ ಹೋಗುವ ತರಕಾರಿಯಲ್ಲಿ ನಮ್ಮ ಬಯಲುಸೀಮೆಯ ಈರುಳ್ಳಿಯೂ ಇದ್ದೀತು ಎಂದು ತಂಗಿ ಹೇಳಿದಳು.

ಬಂದರಿನ ಒಳಬೀದಿಗಳಲ್ಲಿ ಒಣಮೆಣಸು, ಕೊಬ್ಬರಿ, ಒಣಮೀನುಗಳ ವಾಸನೆ ಒಂದರ ಮೇಲೊಂದು ಬರುತ್ತದೆ. ಅಲ್ಲಿಯೇ ಝೀನತ್ ಬಕ್ಷ್ ಮಸೀದಿಯಿದೆ. ಅರಬ್ ದೇಶದಿಂದ ಬಂದ ಮಾಲಿಕ್ ದೀನಾರ್ ಮತ್ತು ಸಂಗಡಿಗರ ಕಾಲದ್ದು ಎಂದು ಪರಂಪರೆ ಹೇಳುವ ಈ ಮಸೀದಿಯ ಒಳಗಿನ ಮರದ ಕೆಲಸದ ಬಗ್ಗೆ ನಾನು ಕೇಳಿ ಬಲ್ಲೆನೇ ಹೊರತು, ನಾವು ಹೋದದ್ದು ನಮಾಜಿನ ಹೊತ್ತಾದ್ದರಿಂದ ಹೊರಗಿನಿಂದಲೇ ಕೈಮುಗಿದು ಬಂದೆವು. ಅಲ್ಲಿಂದ ಹೆಚ್ಚು ದೂರವಿಲ್ಲದ ರಥಬೀದಿಯಲ್ಲಿ ಕೊಂಕಣಿ ಮಾತಾಡುವ ಗೌಡ ಸಾರಸ್ವತರ ವೆಂಕಟರಮಣ ದೇವಸ್ಥಾನವಿದೆ. ರಥಸಪ್ತಮಿಯಂದು ಅಲ್ಲಿ ನಡೆಯುವ ತೇರನ್ನು ಕೊಡಿಯಾಲ ತೇರು ಎನ್ನುತ್ತಾರೆ. ಗುಜರಾತಿನಿಂದ ಬಂದು ನೆಲೆಸಿದ ವರ್ತಕ ಕುಟುಂಬಗಳೂ ಇದೇ ಪೇಟೆಯಲ್ಲಿವೆ. ಕಾಲಿಗೆ ದಣಿವಾಗದಷ್ಟು ದೂರದೊಳಗೆ ಐದು ಮಾತುಗಳು ಕಿವಿಗೆ ಬಿದ್ದವು.

ಎರಡನೆಯ ದಿನ ಬಲ್ಮಠದ ಗುಡ್ಡಕ್ಕೆ ಹೋದೆವು. ಕನ್ನಡ ಕಲಿಸಿದವಳಾಗಿ ನಾನು ಅಲ್ಲಿಗೆ ಮೊದಲೇ ಹೋಗಬೇಕಿತ್ತು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಧರ್ಮಪ್ರಚಾರ ಸಂಸ್ಥೆಯವರು ಕೆಲವೇ ವರ್ಷಗಳಲ್ಲಿ ಕಲ್ಲಚ್ಚಿನ ಮುದ್ರಣ ಆರಂಭಿಸಿದರು. ಹರ್ಮನ್ ಮೋಗ್ಲಿಂಗ್ ಅವರ ಸಂಪಾದಕತ್ವದಲ್ಲಿ 1843ರ ಜುಲೈ 1ರಂದು ಹೊರಬಂದ 'ಮಂಗಳೂರ ಸಮಾಚಾರ' ಕನ್ನಡದ ಮೊದಲ ಪತ್ರಿಕೆ. ಕಿಟ್ಟೆಲ್ ಅವರ ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿ ಅಚ್ಚಾದದ್ದೂ ಇದೇ ಮಿಷನ್ನಿನ ಮುದ್ರಣಾಲಯದಲ್ಲಿ. ಆ ನಿಘಂಟಿನ ಮರುಮುದ್ರಣವೊಂದು ನಮ್ಮ ಶಾಲೆಯ ಗ್ರಂಥಾಲಯದಲ್ಲಿತ್ತು; ಪ್ರತಿ ವರ್ಷವೂ ಮಕ್ಕಳ ಕೈಗೆ ಅದನ್ನು ಕೊಟ್ಟು ಒಂದು ಪದ ಹುಡುಕಿಸುತ್ತಿದ್ದೆ. ಅದು ಹುಟ್ಟಿದ ಗುಡ್ಡದ ಮರಗಳ ಕೆಳಗೆ ನಾವಿಬ್ಬರೂ ಬಹಳ ಹೊತ್ತು ಕುಳಿತಿದ್ದೆವು.

ಅದೇ ಮಿಷನ್ನಿನವರು 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಹಾಕಿದರು. ನೇತ್ರಾವತಿ ಮತ್ತು ಗುರುಪುರ ನದಿಗಳ ದಡದ ಜೇಡಿಮಣ್ಣು, ಘಟ್ಟದ ಕಡೆಯಿಂದ ಬರುತ್ತಿದ್ದ ಸೌದೆ, ಪಕ್ಕದಲ್ಲಿಯೇ ಬಂದರು, ಮೂರೂ ಕೂಡಿ ಬಂದದ್ದರಿಂದ ಮಂಗಳೂರು ಹೆಂಚು ದೇಶವಿದೇಶಗಳ ಮಾಡಿನ ಮೇಲೆ ಕುಳಿತಿತು. ಊರಿಗೆ ಮರಳಿದ ಮೇಲೆ ಕೊಪ್ಪದ ತವರುಮನೆಯಲ್ಲಿ ಹಳೆಯ ಕೊಟ್ಟಿಗೆಯಿಂದ ಇಳಿಸಿಟ್ಟಿದ್ದ ಹೆಂಚೊಂದನ್ನು ಮಗುಚಿ ತೊಳೆದೆ. ಅಡಿಯಲ್ಲಿ ಬಾಸೆಲ್ ಮಿಷನ್ನಿನ ಮುದ್ರೆ ಇತ್ತು. ಬಾಲ್ಯದಲ್ಲಿ ಆ ಮಾಡಿನ ಕೆಳಗೆ ಮಲಗಿ ಮಳೆಯ ಸದ್ದು ಕೇಳಿದವಳು ನಾನು.

ಉಳಿದೆರಡು ದಿನಗಳ ವಿಷಯವನ್ನು ಮುಂದೆ ಬರೆಯುತ್ತೇನೆ. ನಿಮ್ಮ ನೆನಪುಗಳನ್ನೂ ದಯವಿಟ್ಟು ಸೇರಿಸಿ.

ಕಾಫಿ ಬೆಳೆಗಾರ, ಮೂಡಿಗೆರೆ ತಾಲ್ಲೂಕು

ಮೇಡಂ, ನೀವು ಹೆಂಚಿನ ಮಾತೆತ್ತಿದ್ದರಿಂದ ಕಾಫಿಯ ಮಾತನ್ನು ನಾನು ಹೇಳಲೇಬೇಕು. ನಮ್ಮ ಅಜ್ಜನವರ ಕಾಲದಲ್ಲಿ ತೋಟದ ಪಾರ್ಚ್‌ಮೆಂಟ್, ಅಂದರೆ ಒಳಸಿಪ್ಪೆ ತೆಗೆಯದ ಕಾಫಿ ಬೇಳೆ, ಎತ್ತಿನ ಗಾಡಿಯಲ್ಲಿ ಘಟ್ಟ ಇಳಿದು ಮಂಗಳೂರಿನ ಕ್ಯೂರಿಂಗ್ ವರ್ಕ್ಸ್ ಸೇರುತ್ತಿತ್ತು. ನಮ್ಮ ಕಡೆಯ ಇಬ್ಬನಿಯಲ್ಲಿ, ತೇವದ ಗಾಳಿಯಲ್ಲಿ ಬೇಳೆ ಪೂರ್ತಿ ಒಣಗುವುದು ಕಷ್ಟ. ಕರಾವಳಿಯ ಬಿಸಿಲು ಖಡಕ್ಕಾಗಿದ್ದು, ಹಡಗೂ ಅಲ್ಲಿಯೇ ನಿಲ್ಲುತ್ತಿದ್ದರಿಂದ ಹತ್ತೊಂಬತ್ತನೆಯ ಶತಮಾನದಲ್ಲಿಯೇ ಯುರೋಪಿನ ಕಂಪನಿಗಳು ಅಲ್ಲಿ ಕಣ ಹಾಕಿ, ಸಿಪ್ಪೆ ತೆಗೆಸಿ, ಬೇಳೆ ಆರಿಸಿ ಕಳಿಸುತ್ತಿದ್ದವು. ಆರಿಸುವ ಕೆಲಸಕ್ಕೆ ಸಾಲಾಗಿ ಕೂರುತ್ತಿದ್ದವರು ಹೆಂಗಸರು. ಗಾಡಿಗಳು ಹಿಂದಿರುಗುವಾಗ ಉಪ್ಪು, ಒಣಮೀನು, ಹೆಂಚು ಹೇರಿಕೊಂಡು ಬರುತ್ತಿದ್ದವು ಎಂದು ಅಜ್ಜ ಹೇಳುತ್ತಿದ್ದರು. ಹಾಗಾಗಿ ನಿಮ್ಮ ತವರಿನ ಹೆಂಚು ಯಾರದೋ ತೋಟದ ಕಾಫಿಯ ಗಾಡಿಯಲ್ಲಿಯೇ ಘಟ್ಟ ಹತ್ತಿರಬಹುದು.

ಮಾನ್ಸೂನ್ಡ್ ಮಲಬಾರ್ ಎಂಬ ಕಾಫಿಯ ಹೆಸರನ್ನು ಇಲ್ಲಿನ ಹಲವರು ಕೇಳಿರುತ್ತೀರಿ. ಹಾಯಿಹಡಗುಗಳ ಕಾಲದಲ್ಲಿ ಆಫ್ರಿಕದ ತುದಿಯನ್ನು ಸುತ್ತಿ ಯುರೋಪ್ ಮುಟ್ಟಲು ತಿಂಗಳುಗಟ್ಟಲೆ ಹಿಡಿಯುತ್ತಿತ್ತು. ಅಷ್ಟು ದಿನ ಕಡಲಗಾಳಿಯ ತೇವ ಕುಡಿದ ಬೇಳೆ ಊದಿಕೊಂಡು, ಹಸಿರು ಹೋಗಿ ಹಳದಿಯಾಗಿ, ಹುಳಿ ಇಳಿದು ಮೃದುವಾದ ರುಚಿ ಪಡೆಯುತ್ತಿತ್ತು. ಅಲ್ಲಿನ ಜನ ಅದಕ್ಕೆ ಒಗ್ಗಿಹೋದರು. ಮುಂದೆ ಉಗಿಹಡಗುಗಳು ಬಂದು ಪ್ರಯಾಣ ಚಿಕ್ಕದಾದಾಗ ಆ ರುಚಿ ತಪ್ಪಿತು. ಅದನ್ನು ಮರಳಿ ತರಲು ಮಂಗಳೂರಿನ ಮತ್ತು ಪಶ್ಚಿಮ ಕರಾವಳಿಯ ಇತರ ಊರುಗಳ ಗೋದಾಮುಗಳಲ್ಲಿ, ಜೂನ್‌ನಿಂದ ಮಳೆಗಾಲ ಮುಗಿಯುವವರೆಗೆ, ಬದಿ ತೆರೆದ ಹಜಾರಗಳಲ್ಲಿ ಬೇಳೆಯನ್ನು ಹರಡಿ, ಆಗಾಗ ಕೆದರಿ, ಸಡಿಲವಾಗಿ ಚೀಲಕ್ಕೆ ತುಂಬಿ, ಚೀಲಗಳ ನಡುವೆ ಗಾಳಿ ಆಡುವಂತೆ ಜೋಡಿಸಿ ಇಡುತ್ತಾರೆ. ನಮ್ಮ ಗುಡ್ಡದಲ್ಲಿ ಬೆಳೆದದ್ದಕ್ಕೆ ಕಡಲಿನ ಮಳೆಗಾಳಿ ರುಚಿ ಕಟ್ಟುತ್ತದೆ. ಬೆಳೆಗಾರನಾಗಿ ನನಗೆ ಇದಕ್ಕಿಂತ ಹೆಮ್ಮೆಯ ವಿಷಯ ಮತ್ತೊಂದಿಲ್ಲ.

ಕುದುರೆಮುಖದ ಅದಿರೂ ಹೀಗೆಯೇ 67 ಕಿಲೋಮೀಟರ್ ಕೊಳವೆಯಲ್ಲಿ ಕೆಸರಾಗಿ ಹರಿದು ಪಣಂಬೂರಿಗೆ ಹೋಗುತ್ತಿತ್ತು. 2005ರ ಕೊನೆಗೆ ಗಣಿ ನಿಂತಿತು, ಅದು ಒಳ್ಳೆಯದೇ ಆಯಿತು. ನೇತ್ರಾವತಿ ಹುಟ್ಟುವುದು ಆ ಬೆಟ್ಟಗಳ ಸಾಲಿನಲ್ಲಿಯೇ ಎಂಬುದನ್ನು ಮರೆಯಬಾರದು.

ಹಾಸನದ ಓದುಗ

ನನ್ನ ತಾಯಿಗೆ ಎಪ್ಪತ್ತೊಂದು ವರ್ಷ, ಮಂಡಿನೋವು ಇದೆ. ಅವರೂ ಮಂಗಳೂರನ್ನು ಆಸ್ಪತ್ರೆಯ ಕಿಟಕಿಯಿಂದ ಮಾತ್ರ ನೋಡಿದವರು. ಒಮ್ಮೆ ಸುಮ್ಮನೆ ಕರೆದುಕೊಂಡು ಹೋಗಬೇಕೆಂಬ ಆಸೆ ಈ ಬರಹ ಓದಿ ಹುಟ್ಟಿತು. ಹೆಚ್ಚು ನಡೆಯದೆ, ಮೆಟ್ಟಿಲು ಹತ್ತದೆ ನೋಡಬಹುದಾದದ್ದು ಏನಿದೆ, ಎಷ್ಟು ದಿನ ಬೇಕು, ಯಾವ ದಾರಿ ಒಳ್ಳೆಯದು ಎಂದು ದಯವಿಟ್ಟು ತಿಳಿಸಿ.

ಬೇಲೂರಿನ ಇತಿಹಾಸ ವಿದ್ಯಾರ್ಥಿ

ಮಂಗಳೂರಿಗೂ ನಮ್ಮ ಸೀಮೆಗೂ ಇರುವ ನಂಟು ಕಾಫಿಗಿಂತ ಬಹಳ ಹಳೆಯದು. ವಿಷ್ಣುವರ್ಧನ ಬೇಲೂರಿನ ಚೆನ್ನಕೇಶವ ದೇವಾಲಯ ಕಟ್ಟಿಸಿದ್ದು 1117ರಲ್ಲಿ. ಅವನು ಇನ್ನೂ ಆಳುತ್ತಿದ್ದ ಕಾಲದಲ್ಲಿಯೇ, ಸುಮಾರು 1132ರಿಂದ 1149ರವರೆಗೆ, ಅಬ್ರಹಾಂ ಬೆನ್ ಯಿಜು ಎಂಬ ಯೆಹೂದಿ ವರ್ತಕ ಮಂಗಳೂರಿನಲ್ಲಿ ನೆಲೆಸಿದ್ದ. ಅವನ ಮೂಲ ಊರು ಇಂದಿನ ಟ್ಯುನೀಷಿಯಾದ ಮಹ್ದಿಯಾ. ಅವನಿಗೆ ಬಂದ ಮತ್ತು ಅವನು ಬರೆದ ಕಾಗದಪತ್ರಗಳು ಕೈರೋದ ಹಳೆಯ ಯೆಹೂದಿ ಮಂದಿರವೊಂದರ ಕೋಣೆಯಲ್ಲಿ ಶತಮಾನಗಳ ಕಾಲ ಉಳಿದುಕೊಂಡು ಬಂದವು.

ಆ ಪತ್ರಗಳಲ್ಲಿ ಅವನು ಯೆಮನ್ನಿನ ಬಂದರಾದ ಏಡನ್ನಿಗೆ ಕಳಿಸಿದ ಸರಕಿನ ಪಟ್ಟಿ ಇದೆ: ಅಡಿಕೆ, ಕರಿಮೆಣಸು, ಏಲಕ್ಕಿ, ಕಬ್ಬಿಣ. ಬದಲಿಗೆ ಅವನಿಗೆ ಬರುತ್ತಿದ್ದದ್ದು ಬರೆಯುವ ಕಾಗದ, ಸಕ್ಕರೆ, ಒಣದ್ರಾಕ್ಷಿ, ಮತ್ತು ಕರಗಿಸಿ ಹೊಸದಾಗಿ ಎರಕ ಹೊಯ್ಯಲು ಒಡೆದ ತಾಮ್ರದ ಪಾತ್ರೆಗಳು. ಅವನಿಗೆ ಇಲ್ಲಿ ಕಂಚಿನ ಕಾರ್ಖಾನೆ ಇತ್ತು. ಆಶು ಎಂಬ ದಾಸಿಯನ್ನು 1132ರಲ್ಲಿ ಮಂಗಳೂರಿನಲ್ಲಿಯೇ ಪತ್ರ ಬರೆದು ಬಿಡುಗಡೆ ಮಾಡಿದ; ಅವಳೇ ಅವನ ಮಕ್ಕಳ ತಾಯಿ ಎಂದು ವಿದ್ವಾಂಸರು ನಂಬುತ್ತಾರೆ. ಅವನ ವ್ಯಾಪಾರದ ಕೆಲಸಕ್ಕಾಗಿ ಏಡನ್ನಿಗೆ ಹೋಗಿ ಬರುತ್ತಿದ್ದ ಆಳಿನ ಹೆಸರು ಬೊಮ್ಮ ಎಂದು ಓದಲಾಗಿದೆ. ನಮ್ಮ ಹಳ್ಳಿಗಳಲ್ಲಿ ಇಂದಿಗೂ ಬೊಮ್ಮ, ಬೊಮ್ಮಯ್ಯ ಎಂಬ ಹೆಸರಿನವರಿದ್ದಾರೆ. ಎಂಟುನೂರು ವರ್ಷಗಳಿಗೂ ಹಿಂದೆ ಆ ಹೆಸರಿನ ಒಬ್ಬ ಮನುಷ್ಯ ಕಡಲು ದಾಟಿ ಹೋಗಿ, ಅರಬ್ಬಿ ಮಾತಿನ ವರ್ತಕರೊಡನೆ ಲೆಕ್ಕ ಒಪ್ಪಿಸಿ ಮರಳುತ್ತಿದ್ದ ಎಂದು ಓದಿದಾಗ ನನಗೆ ರೋಮಾಂಚನವಾಯಿತು. ಘಟ್ಟದ ಅಡಿಕೆಯೋ ಮೆಣಸೋ ಅವನ ಮೂಟೆಯಲ್ಲಿ ಇದ್ದಿರಲಾರದೆ?

ಇದಾದ ಇನ್ನೂರು ವರ್ಷಗಳಿಗೆ, ಹದಿನಾಲ್ಕನೆಯ ಶತಮಾನದ ನಡುವೆ, ಮಂಗಳೂರನ್ನು ಕಂಡ ಪ್ರವಾಸಿ ಇಬ್ನ್ ಬತೂತ ಅಲ್ಲಿ ಪರ್ಷಿಯ ಮತ್ತು ಯೆಮನ್ನಿನ ವರ್ತಕರು ಇಳಿಯುತ್ತಾರೆಂದೂ, ಊರಿನ ಪಕ್ಕದ ಕೇರಿಯಲ್ಲಿ ಸುಮಾರು ನಾಲ್ಕು ಸಾವಿರ ಮುಸ್ಲಿಮರು ವಾಸಿಸುತ್ತಾರೆಂದೂ ಬರೆದಿದ್ದಾನೆ. ಮೇಡಂ ನಡೆದ ಬಂದರಿನ ಬೀದಿಗಳು ಈ ಹಿನ್ನೆಲೆಯವು.

ಬ್ಯಾಂಕ್ ಉದ್ಯೋಗಿ, ಮನೆಮಾತು ಕೊಂಕಣಿ, ಈಗ ಚಿಕ್ಕಮಗಳೂರು ವಾಸಿ

ನಾನು ಹುಟ್ಟಿ ಬೆಳೆದದ್ದು ಮಂಗಳೂರಿನಲ್ಲಿ. ನಮ್ಮ ಊರಿಗೆ ಒಂದೇ ಹೆಸರಿಲ್ಲ. ಕನ್ನಡದಲ್ಲಿ ಮಂಗಳೂರು, ತುಳುವಿನಲ್ಲಿ ಕುಡ್ಲ, ನಮ್ಮ ಕೊಂಕಣಿಯಲ್ಲಿ ಕೊಡಿಯಾಲ, ಬ್ಯಾರಿಯಲ್ಲಿ ಮೈಕಾಲ. ಮನೆಯಲ್ಲಿ ಅಮ್ಮ ಕೊಡಿಯಾಲ ಎನ್ನುತ್ತಿದ್ದರು, ಬಸ್ಸಿನ ಕಂಡಕ್ಟರು ಕುಡ್ಲ ಎಂದು ಕೂಗುತ್ತಿದ್ದ, ಶಾಲೆಯ ನಕ್ಷೆಯಲ್ಲಿ ಮಂಗಳೂರು ಎಂದು ಬರೆಯುತ್ತಿದ್ದೆವು. ಮೂರೂ ಒಂದೇ ಊರು ಎಂದು ನನಗೆ ಯಾರೂ ಕುಳಿತು ಹೇಳಿಕೊಡಬೇಕಾಗಿರಲಿಲ್ಲ.

ಕನ್ನಡ ಕಲಿಸಿದ ಮೇಡಂ ಅವರಿಗೆ ಇನ್ನೊಂದು ವಿಷಯ ಹಿತವಾದೀತು. ಮಂಗಳೂರಿನ ಈ ಭಾಷೆಗಳೆಲ್ಲ ಹೆಚ್ಚಾಗಿ ಕನ್ನಡ ಲಿಪಿಯಲ್ಲಿಯೇ ಅಚ್ಚಾಗುತ್ತವೆ. ಬಾಸೆಲ್ ಮಿಷನ್ನಿನವರು ಬೈಬಲ್ಲಿನ ಹೊಸ ಒಡಂಬಡಿಕೆಯನ್ನು ತುಳುವಿನಲ್ಲಿ ಅಚ್ಚು ಹಾಕಿದ್ದು ಕನ್ನಡ ಅಕ್ಷರಗಳಲ್ಲಿ. ನಮ್ಮ ಮನೆಗೆ ಬರುವ 'ರಾಕ್ಣೊ' ಎಂಬ ಕೊಂಕಣಿ ವಾರಪತ್ರಿಕೆ 1938ರಿಂದ ಕನ್ನಡ ಲಿಪಿಯಲ್ಲಿ ನಡೆದುಬಂದಿದೆ. ಬ್ಯಾರಿ ಕವಿತೆಗಳೂ ಅದೇ ಅಕ್ಷರಗಳಲ್ಲಿ ಬರುತ್ತವೆ. ಘಟ್ಟದಿಂದ ಬಂದ ನೆಂಟರು ನಮ್ಮ ಪತ್ರಿಕೆಯನ್ನು ಎತ್ತಿಕೊಂಡು ಸರಾಗವಾಗಿ ಓದಿ, ಒಂದು ಪದವೂ ತಿಳಿಯದೆ ಬೆರಗಾಗುವುದನ್ನು ನಾನು ಚಿಕ್ಕಂದಿನಲ್ಲಿ ಎಷ್ಟೋ ಸಲ ಕಂಡಿದ್ದೇನೆ.

ನಾವು ಕ್ರೈಸ್ತರು. ರೊಸಾರಿಯೊ ಚರ್ಚನ್ನು ಪೋರ್ಚುಗೀಸರು 1568ರಲ್ಲಿ ಸ್ಥಾಪಿಸಿದರು, ಮಿಲಾಗ್ರಿಸ್ ಚರ್ಚು 1680ರದ್ದು. ಈಗಿನ ಕಟ್ಟಡಗಳು ಆಮೇಲಿನವು. 1784ರಲ್ಲಿ ಟಿಪ್ಪು ಸುಲ್ತಾನ್ ಕೆನರಾದ ಕ್ರೈಸ್ತರನ್ನು ಸೆರೆಹಿಡಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದ. 1799ರಲ್ಲಿ ಬಿಡುಗಡೆಯಾಗಿ ಮರಳಿದವರು ತಮ್ಮ ಮನೆ, ಹೊಲ, ಚರ್ಚುಗಳನ್ನು ಮತ್ತೆ ಮೊದಲಿನಿಂದ ಕಟ್ಟಿಕೊಂಡರು. ನಮ್ಮ ಹಿರಿಯರ ಪ್ರಾರ್ಥನೆಯಲ್ಲಿ ಆ ಹದಿನೈದು ವರ್ಷಗಳು ಇಂದಿಗೂ ಇವೆ. ಅದೇ 1784ರಲ್ಲಿ, ಮಾರ್ಚ್ 11ರಂದು, ಟಿಪ್ಪುವಿಗೂ ಈಸ್ಟ್ ಇಂಡಿಯಾ ಕಂಪನಿಗೂ ಮಂಗಳೂರು ಒಪ್ಪಂದವಾಯಿತು. ನದಿಯ ಮೇಲೆ ಕಣ್ಣಿಡಲು ಟಿಪ್ಪು ಕಟ್ಟಿಸಿದ ಕರಿಕಲ್ಲಿನ ಕಾವಲು ಗೋಪುರ, ಸುಲ್ತಾನ್ ಬತ್ತೇರಿ, ಬೋಳೂರಿನಲ್ಲಿ ಇದೆ. ಅಲ್ಲಿ ನಿಂತು ಸಂಜೆಯ ನದಿ ನೋಡುವಾಗ ನನಗೆ ಎರಡೂ ನೆನಪಾಗುತ್ತವೆ.

ನನ್ನ ವೃತ್ತಿಯ ಮಾತು ಒಂದು: ಕೆನರಾ ಬ್ಯಾಂಕ್ 1906ರಲ್ಲಿ, ಕರ್ನಾಟಕ ಬ್ಯಾಂಕ್ 1924ರಲ್ಲಿ, ವಿಜಯಾ ಬ್ಯಾಂಕ್ 1931ರಲ್ಲಿ ಹುಟ್ಟಿದ್ದು ಮಂಗಳೂರಿನಲ್ಲಿಯೇ.

ವಕೀಲರು, ಕಡೂರು

ಎಲ್ಲರ ಬರಹವನ್ನೂ ಗೌರವದಿಂದ ಓದಿದೆ. ಆದರೆ ಒಂದು ಆಕ್ಷೇಪವಿದೆ. ಹಲವು ಭಾಷೆ, ಹಲವು ಧರ್ಮ ಒಂದೇ ಪೇಟೆಯಲ್ಲಿ ಇವೆ ಎಂದ ಮಾತ್ರಕ್ಕೆ ಅಲ್ಲಿ ಸೌಹಾರ್ದ ಇದೆ ಎಂದು ಪ್ರವಾಸಿಯ ಕಣ್ಣು ಬೇಗ ತೀರ್ಮಾನಿಸಿಬಿಡುತ್ತದೆ. ಕಳೆದ ಕೆಲವು ದಶಕಗಳಲ್ಲಿ ಆ ಊರು ಕೋಮು ಘರ್ಷಣೆಗಳನ್ನು, ಕೊಲೆಗಳನ್ನು, ನಿಷೇಧಾಜ್ಞೆಯ ದಿನಗಳನ್ನು ಕಂಡಿದೆ. ನಾಲ್ಕು ದಿನ ನಿಧಾನವಾಗಿ ನಡೆದವರಿಗೆ ಅದು ಕಾಣದೇ ಇರಬಹುದು, ಅಲ್ಲಿ ಅಂಗಡಿ ಇಟ್ಟವರಿಗೆ ಕಾಣುತ್ತದೆ.

ಜಾತಿಯ ವಿಷಯವನ್ನೂ ಯಾರೂ ಎತ್ತಲಿಲ್ಲ. ಮಂಗಳೂರಿಗೆ ಹೋದವರು ಪುರಭವನದ ಹೆಸರನ್ನು ಗಮನಿಸಿ ಓದಬೇಕು. ಅದು ಕುದ್ಮುಲ್ ರಂಗರಾವ್ ಅವರ ಹೆಸರು. 1859ರಲ್ಲಿ ಹುಟ್ಟಿದ ಆ ವಕೀಲರು ದಲಿತ ಮಕ್ಕಳಿಗೆ ಶಾಲೆ ತೆರೆದು, 1897ರಲ್ಲಿ ದಲಿತರ ಏಳಿಗೆಗಾಗಿ ಸಂಸ್ಥೆಯನ್ನೇ ಕಟ್ಟಿ, ಅದಕ್ಕಾಗಿ ತಮ್ಮವರಿಂದಲೇ ಬಹಿಷ್ಕಾರ ಅನುಭವಿಸಿದರು. ಕುದ್ರೋಳಿಯಲ್ಲಿ ನಾರಾಯಣ ಗುರುಗಳು 1912ರಲ್ಲಿ ಗೋಕರ್ಣನಾಥನನ್ನು ಪ್ರತಿಷ್ಠಾಪಿಸಬೇಕಾಗಿ ಬಂದದ್ದೇಕೆ? ಬಿಲ್ಲವರಿಗೆ ಊರಿನ ದೇವಸ್ಥಾನಗಳ ಒಳಗೆ ಪ್ರವೇಶ ಇರಲಿಲ್ಲ ಎಂಬುದಕ್ಕೆ. ಈಗ ಆ ದೇವಸ್ಥಾನದ ದಸರಾ ಮೆರವಣಿಗೆ ನೋಡಲು ಊರೇ ನೆರೆಯುತ್ತದೆ. ಆ ಬದಲಾವಣೆಗೆ ದುಡಿದವರ ಹೆಸರುಗಳನ್ನು ಬಿಟ್ಟು ಹೆಂಚು, ಕಾಫಿಯ ಮಾತಾಡಿದರೆ ಊರಿನ ಅರ್ಧ ಮಾತ್ರ ಹೇಳಿದಂತಾಗುತ್ತದೆ.

ನಿವೃತ್ತ ಕನ್ನಡ ಅಧ್ಯಾಪಕಿ, ಚಿಕ್ಕಮಗಳೂರು

ವಕೀಲರು ಹೇಳಿದ್ದು ಸರಿ. ರಂಗರಾವ್ ಅವರ ವಿಷಯವನ್ನು ನಾನು ಬರೆಯಬೇಕಿತ್ತು. ಪುರಭವನದ ಮುಂದೆ ಎರಡು ಸಲ ಹಾದುಹೋದೆ, ಎರಡು ಸಲವೂ ಹೆಸರನ್ನು ಓದಿ ಮುಂದೆ ನಡೆದೆ. ಆದರೆ ಅಲ್ಲಿ ಜಗಳವಿಲ್ಲ ಎಂದು ನಾನು ಹೇಳಲಿಲ್ಲ, ಹೇಳುವ ಅಧಿಕಾರವೂ ನನಗಿಲ್ಲ. ನಾನು ಕಂಡದ್ದು ಒಬ್ಬರನ್ನೊಬ್ಬರು ಬಿಟ್ಟರೆ ಬೆಳಗಿನ ವ್ಯಾಪಾರವೇ ನಡೆಯದಂತೆ ಹೆಣೆದುಕೊಂಡ ಬದುಕನ್ನು. ದೋಣಿಯವರು ಒಂದು ಸಮುದಾಯದವರಾದರೆ ಮಂಜುಗಡ್ಡೆಯವರು ಇನ್ನೊಂದರವರು, ಲಾರಿಯವರು ಮತ್ತೊಂದರವರು. ಈ ಹೆಣಿಗೆ ಹರಿದಾಗ ಆಗುವ ನೋವು ದೊಡ್ಡದು ಎಂಬುದಕ್ಕಾಗಿಯೇ ಅದನ್ನು ಹತ್ತಿರದಿಂದ ನೋಡಬೇಕು ಎಂದು ನನಗೆ ಅನಿಸುತ್ತದೆ.

ಕರಾವಳಿಯ ದೈವಗಳ ಕಥೆಯಲ್ಲೂ ಈ ಹೆಣಿಗೆ ಇದೆ. ಮೊಗವೀರರು ಕಡಲಿಗೆ ಇಳಿಯುವ ಮೊದಲು ನೆನೆಯುವ ಬೊಬ್ಬರ್ಯ, ಐತಿಹ್ಯದ ಪ್ರಕಾರ, ಮುಸ್ಲಿಂ ಮನೆತನದಲ್ಲಿ ಹುಟ್ಟಿದ ನಾವಿಕ. ಮಂಗಳೂರಿನಿಂದ ಉತ್ತರಕ್ಕೆ ಮೂಲ್ಕಿಯ ಬಪ್ಪನಾಡು ದುರ್ಗಾಪರಮೇಶ್ವರಿಯ ಗುಡಿಯನ್ನು ಕಟ್ಟಿಸಿದವನು ಬಪ್ಪ ಬ್ಯಾರಿ ಎಂಬ ಮುಸ್ಲಿಂ ವರ್ತಕ ಎಂದು ಅಲ್ಲಿನವರು ಇಂದಿಗೂ ಹೇಳುತ್ತಾರೆ.

ಮೂರನೆಯ ದಿನ ಕದ್ರಿಗೆ ಹೋದೆವು. ಮಂಜುನಾಥ ದೇವಸ್ಥಾನದಲ್ಲಿರುವ ಲೋಕೇಶ್ವರನ ಕಂಚಿನ ಮೂರ್ತಿಯ ಪೀಠದ ಶಾಸನ 968ನೆಯ ಇಸವಿಯದು. ಅದನ್ನು ಪ್ರತಿಷ್ಠಾಪಿಸಿದವನು ಆಳುಪ ದೊರೆ ಕುಂದವರ್ಮ. ಬೌದ್ಧರ ಲೋಕೇಶ್ವರ, ನಾಥಪಂಥದ ಯೋಗಿಗಳು, ಶೈವರ ಮಂಜುನಾಥ, ಎಲ್ಲರ ಗುರುತೂ ಆ ಒಂದೇ ಗುಡ್ಡದಲ್ಲಿ ಉಳಿದಿದೆ. ಮೇಲಿನ ಜೋಗಿಮಠಕ್ಕೆ ಹನ್ನೆರಡು ವರ್ಷಕ್ಕೊಮ್ಮೆ ನಾಸಿಕದ ಕಡೆಯಿಂದ ನಾಥ ಸಾಧುಗಳು ಕಾಲ್ನಡಿಗೆಯಲ್ಲಿ ಬಂದು ಹೊಸ ಪೀಠಾಧಿಪತಿಯನ್ನು ಕೂರಿಸುತ್ತಾರೆ. ಮೂರ್ತಿಯ ಮುಂದೆ ನಿಂತಾಗ ಮುಖದ ಶಾಂತಿ ನನ್ನನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿತು. ಇಷ್ಟು ನಯವಾದ ಎರಕವನ್ನು ನಾನು ಬೇರೆಲ್ಲಿಯೂ ಕಂಡಿಲ್ಲ.

ಸಂಜೆ ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್. ಇಟಲಿಯಿಂದ ಬಂದ ಜೆಸ್ವಿಟ್ ಸಹೋದರ ಆಂಟೋನಿಯೊ ಮೊಸ್ಕೇನಿ 1899ರಲ್ಲಿ ಕೆಲಸ ಆರಂಭಿಸಿ, ಎರಡು ವರ್ಷಗಳಷ್ಟು ಕಾಲ ಗೋಡೆಗಳ ಮೇಲೆ ಹಸಿಗಾರೆಯಲ್ಲಿ, ಛಾವಣಿಗೆ ಬಟ್ಟೆಯ ಮೇಲೆ ತೈಲವರ್ಣದಲ್ಲಿ ಚಿತ್ರ ಬರೆದರು. ಗಾರೆ ಒಣಗುವ ಮೊದಲೇ ಬಣ್ಣ ಕೂರಬೇಕು. ನಮ್ಮ ಕರಾವಳಿಯ ತೇವದಲ್ಲಿ ಆ ಕೆಲಸ ಎಷ್ಟು ಕಷ್ಟವಾಗಿರಬೇಕು ಎಂದು ತಂಗಿ ಮತ್ತೆ ಮತ್ತೆ ಹೇಳುತ್ತಿದ್ದಳು. ಅವಳು ಚಿತ್ರಕಲಾ ಶಿಕ್ಷಕಿ. ಕತ್ತೆತ್ತಿ ನೋಡಿ ನೋಡಿ ನೋವಾದ ಮೇಲೆ ಬೆಂಚಿನಲ್ಲಿ ಒರಗಿ ಕುಳಿತಳು, ಕಾವಲಿನವರು ಬಾಗಿಲು ಮುಚ್ಚುವ ಹೊತ್ತಾಯಿತೆಂದು ಮೆಲ್ಲಗೆ ಹೇಳುವವರೆಗೆ ಏಳಲಿಲ್ಲ.

ಹಾಸನದವರು ಕೇಳಿದ್ದಕ್ಕೆ: ಮೂರು ದಿನ ಸಾಕು, ಎರಡು ದಿನದಲ್ಲಿ ಮುಗಿಸಲು ಹೋಗಬೇಡಿ. ನಿಮ್ಮ ತಾಯಿಯವರಿಗೆ ಶಿರಾಡಿ ಘಟ್ಟದ ರಸ್ತೆಗಿಂತ ಹಗಲಿನ ರೈಲು ಹಿತ. ಸಕಲೇಶಪುರದಿಂದ ಸುಬ್ರಹ್ಮಣ್ಯ ರಸ್ತೆಯವರೆಗಿನ ಸುಮಾರು 55 ಕಿಲೋಮೀಟರಿನಲ್ಲಿ 57 ಸುರಂಗಗಳಿವೆ, ಕುಳಿತಲ್ಲಿಯೇ ಘಟ್ಟ ನೋಡಬಹುದು. ಧಕ್ಕೆಗೆ ಆಟೋ ಹೋಗುತ್ತದೆ, ನೆಲ ಒದ್ದೆ ಇರುವುದರಿಂದ ಹಿಡಿತವಿರುವ ಚಪ್ಪಲಿ ಹಾಕಿಸಿ. ಚಾಪೆಲ್ಲಿನಲ್ಲಿ ಬೆಂಚುಗಳಿವೆ. ಕದ್ರಿಯಲ್ಲಿ ದೇವಸ್ಥಾನದ ಮಟ್ಟದಲ್ಲಿಯೇ ನಿಲ್ಲಿ, ಮೇಲಿನ ಕೆರೆಗಳಿಗೆ ಮೆಟ್ಟಿಲು ಹತ್ತಬೇಕು. ನಾವು ನಾಲ್ಕನೆಯ ದಿನ ಸುಲ್ತಾನ್ ಬತ್ತೇರಿಯಿಂದ ದೋಣಿಯಲ್ಲಿ ಗುರುಪುರ ನದಿ ದಾಟಿ ತಣ್ಣೀರುಬಾವಿ ಕಡಲತೀರಕ್ಕೆ ಹೋದೆವು. ನದಿ ದಾಟಲು ಕೆಲವೇ ನಿಮಿಷ, ದೋಣಿ ಹತ್ತಿ ಇಳಿಯುವಾಗ ಮಾತ್ರ ಕೈ ಹಿಡಿಯಬೇಕಾಗುತ್ತದೆ. ಜೂನ್ ಮತ್ತು ಜುಲೈ ತಿಂಗಳಲ್ಲಿ ಯಂತ್ರದ ದೋಣಿಗಳ ಮೀನುಗಾರಿಕೆಗೆ ನಿಷೇಧ ಇರುವುದರಿಂದ ಧಕ್ಕೆಯ ಗಲಾಟೆ ನೋಡುವ ಆಸೆಯಿದ್ದರೆ ಅದಕ್ಕೆ ಮೊದಲೇ ಹೋಗಿ.

ಊಟದ ವಿಷಯ ಎಲ್ಲರಿಗೂ ಗೊತ್ತಿರುವುದೇ. ನೀರುದೋಸೆ, ಬನ್ಸ್, ಗೋಳಿಬಜೆಯನ್ನು ಹೊಗಳಲು ನಾನು ಬೇಕಿಲ್ಲ. ಪತ್ರೊಡೆ ನಮ್ಮ ಮಲೆನಾಡಿನದೋ ಅವರದೋ ಎಂಬ ಮಾತಿಗೆ ಇಲ್ಲಿ ಇಳಿಯುವುದು ಬೇಡ.

ಕಾಫಿ ಬೆಳೆಗಾರ, ಮೂಡಿಗೆರೆ ತಾಲ್ಲೂಕು

ಹಾಸನದ ಸೋದರರಿಗೆ ಒಂದು ಮಾತು. ಕಾರಿನಲ್ಲೇ ಹೋಗುವುದಾದರೆ, ಮಳೆ ಹಿಡಿದ ಮೇಲೆ ಹೊರಡುವ ಮುನ್ನ ಘಟ್ಟದ ಸ್ಥಿತಿ ವಿಚಾರಿಸಿಕೊಳ್ಳಿ. ಚಾರ್ಮಾಡಿಯಾಗಲಿ ಶಿರಾಡಿಯಾಗಲಿ, ಮಣ್ಣು ಕುಸಿದರೆ ದಾರಿಯಲ್ಲಿಯೇ ಗಂಟೆಗಟ್ಟಲೆ ನಿಲ್ಲಬೇಕಾಗುತ್ತದೆ. ವಯಸ್ಸಾದವರನ್ನು ಕೂರಿಸಿಕೊಂಡು ಆ ಕಷ್ಟ ಬೇಡ.

ಹಾಸನದ ಓದುಗ

ಮಾರ್ಚ್ ಮೊದಲ ವಾರ ಹೋಗಿ ಬಂದೆವು. ಮೇಡಂ ಹೇಳಿದಂತೆ ರೈಲಿನಲ್ಲಿಯೇ ಹೋದೆವು. ಅಮ್ಮ ಸುರಂಗಗಳನ್ನು ಎಣಿಸಲು ಶುರುಮಾಡಿ, ಮೂವತ್ತರ ಹೊತ್ತಿಗೆ ಲೆಕ್ಕ ತಪ್ಪಿ, ಮತ್ತೆ ಕಿಟಕಿಯ ಕಡೆ ತಿರುಗಿದರು.

ಚಾಪೆಲ್ಲಿನಲ್ಲಿ ಒಂದು ಗಂಟೆ, ಕದ್ರಿಯಲ್ಲಿ ಅರ್ಧ ದಿನ ಕಳೆದೆವು. ಮಸೀದಿಯ ಬೀದಿಯಲ್ಲಿ ಅಂಗಡಿಯವರೊಬ್ಬರು ಅಮ್ಮನನ್ನು ಕಂಡು ಕುರ್ಚಿ ತಂದು ಹಾಕಿ ನೀರು ಕೊಟ್ಟರು. ಪುರಭವನದ ಮುಂದೆ ಆಟೋ ನಿಲ್ಲಿಸಿ, ವಕೀಲರು ಬರೆದದ್ದನ್ನು ಅಮ್ಮನಿಗೆ ಓದಿ ಹೇಳಿದೆ.

ಆದರೆ ಅಮ್ಮನಿಗೆ ಎಲ್ಲಕ್ಕಿಂತ ಮೆಚ್ಚುಗೆಯಾದದ್ದು ಧಕ್ಕೆ. ಮೀನು ಮಾರುವ ಒಬ್ಬ ತಾಯಿ ತಮ್ಮ ಮಣೆಯನ್ನೇ ಸರಿಸಿ ಪಕ್ಕದಲ್ಲಿ ಕೂರಿಸಿಕೊಂಡರು. ಅವರದು ತುಳು ಬೆರೆತ ಕನ್ನಡ, ಅಮ್ಮನದು ನಮ್ಮ ಅರಕಲಗೂಡು ಕಡೆಯ ಕನ್ನಡ. ಅರ್ಧ ಗಂಟೆ ಮಂಡಿನೋವಿನ ಎಣ್ಣೆ, ಬಂಗುಡೆಯ ಬೆಲೆ, ದುಬೈಯಲ್ಲಿರುವ ಅವರ ಮಗ, ಊರಿನಲ್ಲಿರುವ ನಾನು, ಎಲ್ಲದರ ಬಗ್ಗೆ ಮಾತು ನಡೆಯಿತು. ಎರಡು ವರ್ಷದ ಹಿಂದೆ ಇದೇ ಊರಿನಲ್ಲಿ ಅಪ್ಪನನ್ನು ಕಳೆದುಕೊಂಡದ್ದನ್ನೂ ಅಮ್ಮ ಅವರಿಗೆ ಹೇಳಿದರು. ಆ ವಿಷಯವನ್ನು ಅಮ್ಮ ಹೊರಗಿನವರ ಹತ್ತಿರ ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಹೊರಡುವಾಗ ಆ ತಾಯಿ ಒಣಸಿಗಡಿಯ ಪೊಟ್ಟಣವೊಂದನ್ನು ಕಟ್ಟಿಕೊಟ್ಟರು, ಎಷ್ಟು ಹೇಳಿದರೂ ದುಡ್ಡು ಮುಟ್ಟಲಿಲ್ಲ. ಮುಂದಿನ ಸಲ ಹೋಗುವಾಗ ಅವರಿಗೆ ಕೊಡಬೇಕೆಂದು ಅಮ್ಮ ಈಗಾಗಲೇ ತೋಟದ ಮೆಣಸನ್ನು ಆರಿಸಿ ಡಬ್ಬಿಗೆ ಹಾಕಿಟ್ಟಿದ್ದಾರೆ.